ಉಗ್ರಾಣದಲ್ಲಿ ಕಬ್ಬಿಣವಿದೆ, ಬೀಗದ ಕೈ ಎಲ್ಲಿ?

ಒಂದೇ ಹಾಳೆ, ಎರಡು ಸಾಲು. ಮೊದಲ ಸಾಲಿನಲ್ಲಿ ಹಿಮೋಗ್ಲೋಬಿನ್ 8.5. ಅಂದರೆ ರಕ್ತ ತೀರಾ ಕಡಿಮೆ. ಕೆಳಗಿನ ಸಾಲಿನಲ್ಲಿ ಫೆರಿಟಿನ್ 800. ಅಂದರೆ ಮೈಯೊಳಗೆ ಕಬ್ಬಿಣದ ದಾಸ್ತಾನು ಬೇಕಾದ್ದಕ್ಕಿಂತ ಹೆಚ್ಚು. ರಕ್ತ ಕೂಡಲು ಬೇಕಾದ್ದು ಕಬ್ಬಿಣ. ಕಬ್ಬಿಣ ತುಂಬಿ ತುಳುಕುತ್ತಿದೆ. ಆದರೂ ರಕ್ತವಿಲ್ಲ! ಡಯಾಲಿಸಿಸ್ ಮಾಡಿಸಿಕೊಳ್ಳುವವರ ಫೈಲುಗಳಲ್ಲಿ ಇಂಥ ಹಾಳೆ ಅಪರೂಪವೇನಲ್ಲ. ಈ ಎರಡು ಸಾಲುಗಳ ನಡುವೆ ಏನು ನಡೆಯುತ್ತಿದೆ ಎಂದು ಹುಡುಕುತ್ತಾ ಹೋದರೆ ಕೊನೆಗೆ ಎದುರಾಗುವುದು ಗಾಂಧಿ ಬಜಾರಿನ ಯಾವ ತರಕಾರಿ ಗಾಡಿಯಲ್ಲೂ ಸಿಗುವ ಪದಾರ್ಥ. ನಿಂಬೆಹಣ್ಣಿನಲ್ಲಿ, ಸೀಬೆಹಣ್ಣಿನಲ್ಲಿ, ನೆಲ್ಲಿಕಾಯಿಯಲ್ಲಿ ಇರುವ ವಿಟಮಿನ್ ಸಿ!

ಗಾಂಧಿ ಬಜಾರಿನಂಥ ಹಳೆಯ ಬೆಂಗಳೂರಿನ ಬಡಾವಣೆಗಳಿಗೂ ಡಯಾಲಿಸಿಸ್‌ಗೂ ನಂಟು ಗಟ್ಟಿಯಾದದ್ದು. ಶಂಕರಪುರದ ರಂಗದೊರೆ ಸ್ಮಾರಕ ಆಸ್ಪತ್ರೆಯ, ಬೆಂಗಳೂರು ಕಿಡ್ನಿ ಫೌಂಡೇಶನ್ನಿನ ಹೆಸರು ಕೇಳದ ಕಿಡ್ನಿ ರೋಗಿ ಈ ಕಡೆ ಸಿಗುವುದು ಕಷ್ಟ. ಕೈಲಾಗದವರ ಡಯಾಲಿಸಿಸ್ ನಿಲ್ಲಬಾರದೆಂದು ದುಡಿಯುವ ಈ ಫೌಂಡೇಶನ್ ಚೌಡಯ್ಯ ಸ್ಮಾರಕ ಭವನದಲ್ಲಿ ರಾತ್ರಿಯಿಡೀ ಸಂಗೀತ ಕಛೇರಿ ಏರ್ಪಡಿಸಿದ್ದನ್ನು ಸಂಗೀತಪ್ರಿಯರು ಮರೆತಿಲ್ಲ. ಚಾಮರಾಜಪೇಟೆಯಿಂದ ಮಾರುಕಟ್ಟೆಯತ್ತ ನಡೆದರೆ 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆ. ಅದರ ಆವರಣದಲ್ಲೇ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ. ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಆಸ್ಪತ್ರೆ. ವಾರಕ್ಕೆ ಎರಡೋ ಮೂರೋ ಸಲ, ಸಲಕ್ಕೆ ನಾಲ್ಕು ಗಂಟೆ ಮಂಚದ ಮೇಲೆ ಮಲಗಿ ಎದ್ದು ಬರುವವರು ಈ ಬೀದಿಗಳಲ್ಲೇ ನಮ್ಮ ಪಕ್ಕ ನಡೆಯುತ್ತಿರುತ್ತಾರೆ. ಅರ್ಧ ತೋಳಿನ ಅಂಗಿಯ ಕೆಳಗೆ ಡಯಾಲಿಸಿಸ್ ಸೂಜಿ ಚುಚ್ಚುವ ಉಬ್ಬಿದ ರಕ್ತನಾಳ, ಫಿಸ್ಟುಲಾ, ಕಂಡರೆ ಮಾತ್ರ ಗೊತ್ತಾಗುತ್ತದೆ. ಅವರಲ್ಲಿ ಯಾರನ್ನೇ ಕೇಳಿ, ದೂರು ಒಂದೇ: "ಸುಸ್ತು ಸಾರ್, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಏರ್ತಾನೇ ಇಲ್ಲ ಅಂತಾರೆ."

ಏಕೆ ಏರುವುದಿಲ್ಲ? ಆ ಕಥೆ ಕೇಳಿ!

ಹಂದಿ ಕರುಳಿನ ಜಾಗಕ್ಕೆ ಬಂದ ಸೆಲೊಫೇನ್

ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನದ ದೋಸೆ ಕಾವಲಿ ಮೊದಲ ಬಾರಿ ಕಾದದ್ದು 1943ರಲ್ಲಿ. ಅದೇ ವರ್ಷ, ಸಾವಿರಾರು ಮೈಲಿ ಆಚೆ, ನಾಜಿಗಳ ಹಿಡಿತದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಪುಟ್ಟ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ಯುವ ವೈದ್ಯ ಮನುಷ್ಯನ ಮೂತ್ರಪಿಂಡದ ಕೆಲಸ ಮಾಡಬಲ್ಲ ಯಂತ್ರವೊಂದನ್ನು ರೋಗಿಗೆ ಜೋಡಿಸಿದ. ಯುದ್ಧದ ಕಾಲ, ಯಾವ ಸಾಮಾನೂ ಸಿಗದು. ಮಾಂಸದ ಸಾಸೇಜ್ ತುಂಬಲು ಹಂದಿ ಕರುಳಿನ ಬದಲು ಬಳಸುತ್ತಿದ್ದ ಸೆಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಡ್ರಮ್ಮಿಗೆ ಸುತ್ತಿದ. ಡ್ರಮ್ಮನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದ. ಕೊಳವೆಯೊಳಗೆ ರಕ್ತ, ಹೊರಗೆ ನೀರು. ರಕ್ತದಲ್ಲಿದ್ದ ಯೂರಿಯಾ ಸೆಲೊಫೇನಿನ ಸೂಕ್ಷ್ಮ ರಂಧ್ರಗಳಿಂದ ನೀರಿಗಿಳಿಯಿತು. ಮೊದಮೊದಲಿನ ರೋಗಿಗಳು ಉಳಿಯಲಿಲ್ಲ. 1945ರಲ್ಲಿ, ಪ್ರಜ್ಞೆ ತಪ್ಪಿ ಮಲಗಿದ್ದ 67 ವರ್ಷದ ಸೋಫಿಯಾ ಶಾಫ್‌ಸ್ಟಾಟ್ ಕಣ್ಣುಬಿಟ್ಟಳು. ಮುಂದೆ ವರ್ಷಗಟ್ಟಲೆ ಬದುಕಿದಳು!

ಇಂದಿನ ಡಯಾಲೈಸರ್ ಕೈಯಲ್ಲಿ ಹಿಡಿಯಬಹುದಾದ ಒಂದು ಪ್ಲಾಸ್ಟಿಕ್ ಸಿಲಿಂಡರ್. ಒಳಗೆ ಸುಮಾರು ಹತ್ತು ಸಾವಿರ ಟೊಳ್ಳು ಎಳೆಗಳು. ಒಂದೊಂದರ ಒಳವ್ಯಾಸ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ನಿಮಿಷಕ್ಕೆ 300 ಮಿಲಿಲೀಟರಿನಷ್ಟು ರಕ್ತ ಈ ಎಳೆಗಳೊಳಗೆ ಹರಿಯುತ್ತದೆ; ಹೊರಗಿನಿಂದ ನಿಮಿಷಕ್ಕೆ 500 ಮಿಲಿಲೀಟರಿನಷ್ಟು ಡಯಾಲಿಸಿಸ್ ದ್ರಾವಣ. ನಾಲ್ಕು ಗಂಟೆಗೆ ಲೆಕ್ಕ ಹಾಕಿ: 120 ಲೀಟರ್! ಇಷ್ಟು ದ್ರಾವಣ ಒಬ್ಬ ಮನುಷ್ಯನ ರಕ್ತವನ್ನು ತೊಳೆದು ಚರಂಡಿ ಸೇರುತ್ತದೆ.

ಯಂತ್ರಕ್ಕೆ ಒಂದು ನಿಯಮ ಮಾತ್ರ ಗೊತ್ತು. ಸಣ್ಣ ಅಣು ಹೊರಗೆ, ದೊಡ್ಡ ಅಣು ಒಳಗೆ. ಯೂರಿಯಾದ ತೂಕ 60, ಕ್ರಿಯಾಟಿನಿನ್ನದು 113. ಎರಡೂ ಹೊರಗೆ, ಹೋಗಲೇಬೇಕು. ಆದರೆ 176 ತೂಕದ, ನೀರಿನಲ್ಲಿ ಸಲೀಸಾಗಿ ಕರಗುವ ಇನ್ನೊಂದು ಅಣುವೂ ಅದೇ ರಕ್ತದಲ್ಲಿ ಈಜುತ್ತಿದೆ. ಅದೇ ಆಸ್ಕಾರ್ಬಿಕ್ ಆಮ್ಲ, ನಮ್ಮ ವಿಟಮಿನ್ ಸಿ. ಕಸ ಯಾವುದು, ಕಣಜದ ಕಾಳು ಯಾವುದು ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಒಂದು ಡಯಾಲಿಸಿಸ್ ಮುಗಿಯುವ ಹೊತ್ತಿಗೆ ರಕ್ತದ ವಿಟಮಿನ್ ಸಿ ಮೂರನೇ ಒಂದರಿಂದ ಅರ್ಧದವರೆಗೂ ಇಳಿಯಬಹುದು.

ಇಲ್ಲಿ ನಮ್ಮ ಮೂತ್ರಪಿಂಡದ ಜಾಣ್ಮೆ ನೋಡಿ. ಆರೋಗ್ಯವಂತ ಮೂತ್ರಪಿಂಡಗಳು ದಿನಕ್ಕೆ 180 ಲೀಟರ್ ಸೋಸುತ್ತವೆ. ಅವೂ ವಿಟಮಿನ್ ಸಿಯನ್ನು ಸೋಸಿಬಿಡುತ್ತವೆ. ಆದರೆ ಬಿಟ್ಟು ಸುಮ್ಮನಿರುವುದಿಲ್ಲ! ಮೂತ್ರಪಿಂಡದ ಸೋಸುವ ಘಟಕಗಳಾದ ನೆಫ್ರಾನ್‌ಗಳ ಕೊಳವೆಯ ಗೋಡೆಯಲ್ಲಿ ಎಸ್‌ವಿಸಿಟಿ1 ಎಂಬ ಪ್ರೋಟೀನ್ ಕುಳಿತಿದೆ. ಹರಿದುಹೋಗುತ್ತಿರುವ ವಿಟಮಿನ್ ಸಿಯನ್ನು ಹಿಡಿಹಿಡಿದು ಮತ್ತೆ ರಕ್ತಕ್ಕೆ ಸೇರಿಸುವುದೇ ಅದರ ಕೆಲಸ. ಹತ್ತು ಸಾವಿರ ಎಳೆಗಳ ಡಯಾಲೈಸರಿನಲ್ಲಿ ಇಂಥ ಒಂದೇ ಒಂದು ಕೈಯೂ ಇಲ್ಲ.

ಮೂತ್ರಪಿಂಡ ಬರೆಯುವ ಓಲೆ

ರಕ್ತ ಕಡಿಮೆಯಾಗಲು ಮೊದಲ ಕಾರಣ ಬೇರೆಯೇ ಇದೆ. ಅದೂ ಅಷ್ಟೇ ಬೆರಗಿನದು. ನಮ್ಮ ಮೂಳೆಯ ಮಜ್ಜೆ ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕೆಂಪು ರಕ್ತಕಣಗಳನ್ನು ಹುಟ್ಟಿಸುತ್ತದೆ. ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ನಿಮ್ಮೊಳಗೆ ಕೋಟಿ ದಾಟಿರುತ್ತದೆ! ಅಷ್ಟು ಕಣ ಮಾಡು ಎಂದು ಮಜ್ಜೆಗೆ ಹೇಳಿ ಕಳಿಸುವುದು ಎರಿಥ್ರೊಪೊಯಿಟಿನ್ ಎಂಬ ಹಾರ್ಮೋನು. ಅದನ್ನು ತಯಾರಿಸುವುದು ಮೂತ್ರಪಿಂಡ. ಮೂತ್ರಪಿಂಡ ಸೋತರೆ ಕಸ ಉಳಿಯುವುದಷ್ಟೇ ಅಲ್ಲ, ಈ ಓಲೆಯೂ ನಿಂತುಹೋಗುತ್ತದೆ.

ಆ ಹಾರ್ಮೋನನ್ನು ಕೈಗೆ ಹಿಡಿಯಲು ಷಿಕಾಗೋದ ಯುಜೀನ್ ಗೋಲ್ಡ್‌ವಾಸರ್ ಎರಡು ದಶಕ ಒದ್ದಾಡಿದರು. ಕೊನೆಗೆ ಜಪಾನಿನ ತಕಾಜಿ ಮಿಯಾಕೆ, ಒಂದು ಬಗೆಯ ತೀವ್ರ ರಕ್ತಹೀನತೆಯ ರೋಗಿಗಳಿಂದ 2,550 ಲೀಟರ್ ಮೂತ್ರ ಸಂಗ್ರಹಿಸಿ, ಒಣಗಿಸಿ, ಗಂಟು ಕಟ್ಟಿ ಅಮೆರಿಕಕ್ಕೆ ಹೊತ್ತು ತಂದರು. 1977ರಲ್ಲಿ ಅದರಿಂದ ಶುದ್ಧವಾಗಿ ಸಿಕ್ಕ ಎರಿಥ್ರೊಪೊಯಿಟಿನ್ ಕೆಲವೇ ಮಿಲಿಗ್ರಾಂ! ಆ ಚಿಟಿಕೆಯಿಂದ ಜೀನ್ ಪತ್ತೆಯಾಯಿತು, 1989ರಲ್ಲಿ ಅಮೆರಿಕದಲ್ಲಿ ಔಷಧಿಗೆ ಒಪ್ಪಿಗೆ ಸಿಕ್ಕಿತು. ಇಂದು ಡಯಾಲಿಸಿಸ್ ವಾರ್ಡುಗಳಲ್ಲಿ ಎಲ್ಲರ ಬಾಯಲ್ಲೂ ಇರುವ 'ಇಪಿಒ ಇಂಜೆಕ್ಷನ್' ಅದೇ. ಅದಕ್ಕೂ ಮೊದಲು ಈ ರೋಗಿಗಳು ಮತ್ತೆ ಮತ್ತೆ ಬೇರೆಯವರ ರಕ್ತ ಏರಿಸಿಕೊಂಡೇ ಬದುಕಬೇಕಿತ್ತು.

ಹಾಗಾದರೆ ಇಂಜೆಕ್ಷನ್ ಕೊಟ್ಟರೆ ಮುಗಿಯಿತಲ್ಲ? ಬಹಳ ಜನರಿಗೆ ಹೌದು. ಕೆಲವರಿಗೆ ಇಲ್ಲ. ಡೋಸ್ ಏರಿಸಿದರೂ ಹಿಮೋಗ್ಲೋಬಿನ್ ಏರುವುದಿಲ್ಲ. ಐರನ್ ಕೊಟ್ಟರೆ ಫೆರಿಟಿನ್ ಏರುತ್ತದೆ, ಹಿಮೋಗ್ಲೋಬಿನ್ ಅಲ್ಲೇ ನಿಲ್ಲುತ್ತದೆ. ಮತ್ತೆ ಅದೇ ಹಾಳೆ, ಅದೇ ಎರಡು ಸಾಲು.

ಬೀಗ ಬಿದ್ದ ಉಗ್ರಾಣ

ಒಂದು ಕೆಂಪು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು; ಅಣುವಿಗೆ ನಾಲ್ಕು ಕಬ್ಬಿಣದ ಪರಮಾಣು. ಅಂದರೆ ಒಂದು ಕಣಕ್ಕೆ ನೂರು ಕೋಟಿಗೂ ಮಿಕ್ಕಿ! ಇಷ್ಟು ಕಬ್ಬಿಣವನ್ನು ದೇಹ ದಿನಾ ಊಟದಿಂದ ತರುವುದಿಲ್ಲ. ಊಟದಿಂದ ಬರುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ. ಮಜ್ಜೆಗೆ ಬೇಕಾದ್ದು ಇಪ್ಪತ್ತಕ್ಕೂ ಹೆಚ್ಚು. ಉಳಿದದ್ದೆಲ್ಲ ಮುಪ್ಪಾದ ಕಣಗಳನ್ನು ಒಡೆದು ಮತ್ತೆ ಬಳಸುವ ಹಳೆಯ ಕಬ್ಬಿಣವೇ. ಬಳಸದೆ ಉಳಿದದ್ದು ಫೆರಿಟಿನ್ ಎಂಬ ಟೊಳ್ಳು ಗೋಲದಂಥ ಪ್ರೋಟೀನಿನೊಳಗೆ ಹೋಗಿ ಕೂರುತ್ತದೆ. ಒಂದು ಗೋಲದಲ್ಲಿ 4,500 ಪರಮಾಣುಗಳವರೆಗೂ ಹಿಡಿಸಬಲ್ಲದು. ಇದೇ ದೇಹದ ಉಗ್ರಾಣ.

ಈ ಉಗ್ರಾಣಕ್ಕೆ ಬಾಗಿಲು ಕಾಯುವವರಿದ್ದಾರೆಂದು ಜಗತ್ತಿಗೆ ತಿಳಿದದ್ದು ಈ ಶತಮಾನದ ಆರಂಭದಲ್ಲಿ! ಯಕೃತ್ತು ಹೆಪ್ಸಿಡಿನ್ ಎಂಬ ಪುಟಾಣಿ ಹಾರ್ಮೋನನ್ನು ಸುರಿಸುತ್ತದೆ. ಅದು ಹೆಚ್ಚಾದರೆ ಜೀವಕೋಶಗಳು ತಮ್ಮೊಳಗಿನ ಕಬ್ಬಿಣವನ್ನು ಹೊರಬಿಡುವ ದಾರಿಯನ್ನೇ ಮುಚ್ಚಿಕೊಳ್ಳುತ್ತವೆ. ಉರಿಯೂತವಿದ್ದರೆ ಹೆಪ್ಸಿಡಿನ್ ಏರುತ್ತದೆ. ಮೂತ್ರಪಿಂಡ ಸೋತಾಗ ಅದು ಹೊರಹೋಗುವುದೂ ಕಡಿಮೆ. ಡಯಾಲಿಸಿಸ್ ರೋಗಿಯಲ್ಲಿ ಎರಡೂ ಒಟ್ಟಿಗೆ. ಕಬ್ಬಿಣ ಒಳಗೇ ಉಳಿಯಿತು, ಮಜ್ಜೆ ಹಸಿದೇ ಕುಳಿತಿತು.

ಈಗ ಬರುತ್ತದೆ ವಿಟಮಿನ್ ಸಿ. ಉಗ್ರಾಣದಲ್ಲಿರುವ ಕಬ್ಬಿಣ ಮೂರು ಧನ ವಿದ್ಯುದಂಶದ ರೂಪದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಹೊರಬರಬೇಕಾದರೆ, ಹಿಮೋಗ್ಲೋಬಿನ್ನಿನ ಎದೆಯೊಳಗೆ ಸೇರಬೇಕಾದರೆ, ಅದು ಎರಡು ವಿದ್ಯುದಂಶದ ರೂಪಕ್ಕೆ ಇಳಿಯಬೇಕು. ಒಂದು ಎಲೆಕ್ಟ್ರಾನ್ ಯಾರಾದರೂ ಕೊಡಬೇಕು. ವಿಟಮಿನ್ ಸಿ ಅದನ್ನು ಧಾರಾಳವಾಗಿ ಕೊಡುತ್ತದೆ! ಕರುಳಿನಲ್ಲಿ ಊಟದ ಕಬ್ಬಿಣ ಹೀರಲು ನೆರವಾಗುವುದೂ ಇದೇ ಗುಣದಿಂದ. ಪಾಲಕ್ ಸಾರಿನ ಮೇಲೆ ನಿಂಬೆ ಹಿಂಡಬೇಕೆಂಬ ಅಜ್ಜಿಯ ಮಾತಿನ ಹಿಂದೆ ಇದ್ದದ್ದು ಒಂದು ಎಲೆಕ್ಟ್ರಾನ್.

ಇನ್ನೂ ಒಂದು ಅಚ್ಚರಿ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದದ್ದನ್ನು ಜೀವಕೋಶ ಹೇಗೆ ಗುರುತಿಸಿ ಎರಿಥ್ರೊಪೊಯಿಟಿನ್ ಜೀನನ್ನು ಎಬ್ಬಿಸುತ್ತದೆ ಎಂದು ತೋರಿಸಿದ ಕೇಲಿನ್, ರ್‍ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಆ ಸೂಕ್ಷ್ಮ ಕೆಲಸ ಮಾಡುವ ಕಿಣ್ವಗಳು ಯಾವ ಕುಟುಂಬದವು ಗೊತ್ತೇ? ವಿಟಮಿನ್ ಸಿ ಕೊರತೆಯ ರೋಗವಾದ ಸ್ಕರ್ವಿಯಲ್ಲಿ ಕೈಕೊಟ್ಟು ಒಸಡಿನಿಂದ ರಕ್ತ ಸುರಿಸುವ ಕಿಣ್ವಗಳ ಕುಟುಂಬದವೇ! ಎರಡಕ್ಕೂ ಕಬ್ಬಿಣ ಬೇಕು, ಎರಡಕ್ಕೂ ವಿಟಮಿನ್ ಸಿಯ ನೆರವು ಬೇಕು. ಈ ತಿಳಿವಳಿಕೆಯಿಂದಲೇ ಹುಟ್ಟಿದ ರಕ್ತಹೀನತೆಯ ಮಾತ್ರೆಗಳಲ್ಲಿ ಒಂದಾದ ಡೆಸಿಡುಸ್ಟಾಟ್ ನಮ್ಮ ದೇಶದಲ್ಲೇ ತಯಾರಾಗಿ 2022ರಲ್ಲಿ ಒಪ್ಪಿಗೆ ಪಡೆಯಿತು.

ಯಶವಂತಪುರದ ದಾರಿಯಿಂದ ಕೇಂಬ್ರಿಡ್ಜಿಗೆ

ವಿಟಮಿನ್ ಸಿಯ ಕಥೆಗೆ ನಮ್ಮೂರಿನ ನಂಟೂ ಇದೆ. ಮಲ್ಲೇಶ್ವರ ದಾಟಿದರೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಅಲ್ಲಿ ಸೇರಲು ಬಂದಾಗ ನಿರ್ದೇಶಕ ಸಿ.ವಿ. ರಾಮನ್ ಒಪ್ಪಲಿಲ್ಲ. ಹೆಣ್ಣೆಂಬುದೇ ಕಾರಣ. ಆಕೆ ಪಟ್ಟು ಬಿಡಲಿಲ್ಲ. ಮೊದಲ ಒಂದು ವರ್ಷ ಪರೀಕ್ಷೆಯ ಅವಧಿ ಎಂಬ ಷರತ್ತಿಗೂ ತಲೆಬಾಗಿ ಸೇರಿದರು. ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಜೀವರಸಾಯನ ಕಲಿತರು. ಅಲ್ಲಿಂದ ಕೇಂಬ್ರಿಡ್ಜಿಗೆ, ಫ್ರೆಡರಿಕ್ ಹಾಪ್‌ಕಿನ್ಸರ ವಿಭಾಗಕ್ಕೆ. ಹಂಗೇರಿಯ ಆಲ್ಬರ್ಟ್ ಸೆಂಟ್ ಜ್ಯೋರ್ಜಿ 1920ರ ದಶಕದ ಕೊನೆಯಲ್ಲಿ ವಿಟಮಿನ್ ಸಿಯನ್ನು, ಅದು ವಿಟಮಿನ್ ಸಿ ಎಂದು ಇನ್ನೂ ತಿಳಿಯುವ ಮೊದಲೇ, ಬೇರ್ಪಡಿಸಿದ್ದು ಇದೇ ಹಾಪ್‌ಕಿನ್ಸರ ವಿಭಾಗದಲ್ಲಿ! ಆತನಿಗೆ 1937ರಲ್ಲಿ ನೊಬೆಲ್ ಬಂತು. ಕಮಲಾ 1939ರಲ್ಲಿ ಡಾಕ್ಟರೇಟ್ ಪಡೆದು ಮರಳಿದರು. ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ವಿಟಮಿನ್‌ಗಳ ಮೇಲೆ ಕೆಲಸ ಮಾಡಿದರು. ಮದುವೆಯ ನಂತರ ಕಮಲಾ ಸೊಹೊನಿಯಾಗಿ ಮುಂಬಯಿಯಲ್ಲಿ ನೀರಾ ಎಂಬ ತಾಳೆ ಮರದ ರಸದ ಪೋಷಕಾಂಶಗಳನ್ನು ಅಳೆದು, ಅದರಲ್ಲಿ ವಿಟಮಿನ್ ಸಿಯೂ ಕಬ್ಬಿಣವೂ ಇದೆಯೆಂದು ತೋರಿಸಿದರು. ಕಬ್ಬಿಣ ಮತ್ತು ವಿಟಮಿನ್ ಸಿ, ಮತ್ತೆ ಅದೇ ಜೋಡಿ!

ವಿಟಮಿನ್ ಸಿಯನ್ನು ಮನುಷ್ಯನೇಕೆ ಇಷ್ಟೆಲ್ಲ ಹುಡುಕಬೇಕಾಯಿತು? ಹಸು ಇದನ್ನು ಹುಡುಕುವುದಿಲ್ಲ, ಆಡು ಹುಡುಕುವುದಿಲ್ಲ, ಇಲಿಯೂ ಹುಡುಕುವುದಿಲ್ಲ. ಅವು ಸಕ್ಕರೆಯಿಂದ ತಮ್ಮ ಮೈಯೊಳಗೇ ವಿಟಮಿನ್ ಸಿ ಮಾಡಿಕೊಳ್ಳುತ್ತವೆ. ಅದರ ಕೊನೆಯ ಹಂತದ ಕಿಣ್ವದ ಜೀನು ನಮ್ಮ ಪೂರ್ವಜರಲ್ಲಿ ಕೋಟ್ಯಂತರ ವರ್ಷಗಳ ಹಿಂದೆಯೇ ಕೆಟ್ಟುಹೋಯಿತು. ಅದರ ಮುರುಕು ಇಂದಿಗೂ ನಮ್ಮ ವಂಶವಾಹಿಯಲ್ಲಿ ಬಿದ್ದಿದೆ. ಹಾಗಾಗಿ ನಮಗೆ ತಟ್ಟೆಯೇ ಗತಿ.

ಅಡುಗೆಮನೆಯಲ್ಲೂ ಸೋರಿಕೆ

ಡಯಾಲಿಸಿಸ್ ರೋಗಿಯ ತಟ್ಟೆ ನೋಡಿ. ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲಬಹುದು. ಆದ್ದರಿಂದ ಎಳನೀರು ಬೇಡ. ಮೂಸಂಬಿ ರಸ, ಕಿತ್ತಳೆ ರಸ ಬೇಡ. ಸೀಬೆಹಣ್ಣಿಗೂ ಲೆಕ್ಕ. ವಿಟಮಿನ್ ಸಿ ಹೇರಳವಾಗಿರುವ ಹಣ್ಣುಗಳಲ್ಲಿ ಬಹುಪಾಲಿಗೆ ಕಡಿವಾಣ. ತರಕಾರಿಯನ್ನು ಹೆಚ್ಚಿ, ತುಂಬಾ ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಬೇಕು. ಪೊಟ್ಯಾಸಿಯಂ ಹೋಗಲೆಂದು ಚೆಲ್ಲಿದ ನೀರಿನಲ್ಲಿ ವಿಟಮಿನ್ ಸಿಯೂ ಹೋಯಿತು. ಉಳಿದದ್ದನ್ನು ಬೆಂಕಿ ತಿಂದಿತು. ಬಾಯಿಗೆ ಬರುವ ಮೊದಲೇ ಎರಡು ಸೋರಿಕೆ, ಡಯಾಲೈಸರಿನಲ್ಲಿ ಮೂರನೆಯದು! ಈ ಮೂರರಲ್ಲಿ ಯಾವುದೂ ತಪ್ಪಲ್ಲ, ಮೂರೂ ಜೀವ ಉಳಿಸುವ ಕ್ರಮಗಳೇ. ಆದರೆ ಮೂರೂ ಸೇರಿ ಆಸ್ಕಾರ್ಬಿಕ್ ಆಮ್ಲದ ತಳ ಕಾಣಿಸಿಬಿಡುತ್ತವೆ.

ಅದು ಕಣ್ಣಿಗೆ ಬೀಳುವುದೂ ಕಷ್ಟ. ಸುಸ್ತು, ಒಸಡಿನ ರಕ್ತ, ಚರ್ಮದ ಮೇಲೆ ಸುಮ್ಮನೆ ಮೂಡುವ ನೀಲಿ ಕಲೆ: ಸ್ಕರ್ವಿಯ ಈ ಲಕ್ಷಣಗಳೆಲ್ಲ 'ಕಿಡ್ನಿ ತೊಂದರೆಯಲ್ಲವೇ, ಹಾಗೇ ಇರುತ್ತದೆ' ಎಂಬ ಮಾತಿನಲ್ಲಿ ಮುಚ್ಚಿಹೋಗುತ್ತವೆ. ಪರೀಕ್ಷೆಯೂ ನಾಜೂಕು. ತೆಗೆದ ರಕ್ತವನ್ನು ಕೂಡಲೇ ತಣ್ಣಗಿಟ್ಟು, ಬೆಳಕು ತಾಗದಂತೆ ಕಾಪಾಡದಿದ್ದರೆ ಅಳೆಯುವಷ್ಟರಲ್ಲಿ ವಿಟಮಿನ್ ಸಿ ಮಾಯ.

ಕೈಗೆ ಸಿಕ್ಕ ಕೀಲಿ, ಅದರ ಇನ್ನೊಂದು ಮೊನೆ

ಹಾಗಾದರೆ ವಿಟಮಿನ್ ಸಿ ಕೊಟ್ಟು ನೋಡಿದವರುಂಟೇ? ಉಂಟು! 1990ರ ದಶಕದಿಂದ ಯುರೋಪಿನಲ್ಲಿ, ತೈವಾನಿನಲ್ಲಿ ಪ್ರಯೋಗಗಳಾದವು. 2006ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ವೈದ್ಯರು ನಾವು ಮೊದಲು ಕಂಡಂಥ ಹಾಳೆಯವರನ್ನೇ ಆರಿಸಿಕೊಂಡರು. ಫೆರಿಟಿನ್ 500ಕ್ಕಿಂತ ಮೇಲೆ, ಇಪಿಒಗೆ ಜಗ್ಗದ ರಕ್ತಹೀನತೆ, ಒಟ್ಟು 42 ಜನ. ಅರ್ಧದಷ್ಟು ಮಂದಿಗೆ ಪ್ರತಿ ಡಯಾಲಿಸಿಸ್ ಜೊತೆ 300 ಮಿಲಿಗ್ರಾಂ ವಿಟಮಿನ್ ಸಿ ರಕ್ತನಾಳಕ್ಕೆ, ಆರು ತಿಂಗಳು. ಅವರ ಹಿಮೋಗ್ಲೋಬಿನ್ ಸರಾಸರಿ 9.3ರಿಂದ 10.5ಕ್ಕೆ ಏರಿತು! ಬೇರೆ ಬೇರೆ ಪ್ರಯೋಗಗಳನ್ನು ಒಟ್ಟುಗೂಡಿಸಿದ 2009ರ ವಿಶ್ಲೇಷಣೆಯಲ್ಲೂ ಏರಿಕೆ ಡೆಸಿಲೀಟರಿಗೆ ಸುಮಾರು 1 ಗ್ರಾಂ. ಮೆಟ್ಟಿಲು ಹತ್ತಲಾರದವರಿಗೆ ಆ ಒಂದು ಗ್ರಾಂ ಎಂದರೇನೆಂದು ಅವರ ಮನೆಯವರಿಗೆ ಗೊತ್ತು.

ಆದರೆ ಓಡಿಹೋಗಿ ಮೆಡಿಕಲ್ ಸ್ಟೋರಿನಿಂದ ಚೀಪುವ ಮಾತ್ರೆ ತರಬೇಡಿ. ದೇಹ ಬಳಸಿ ಉಳಿದ ವಿಟಮಿನ್ ಸಿಯ ಒಂದಂಶ ಕೊನೆಗೆ ಆಕ್ಸಲೇಟ್ ಆಗುತ್ತದೆ. ಗಟ್ಟಿ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಮೂತ್ರಪಿಂಡವೇ ಇಲ್ಲದಂತಾದವರಲ್ಲಿ ಅದು ರಕ್ತದಲ್ಲಿ ಉಳಿದು, ಕ್ಯಾಲ್ಸಿಯಂ ಜೊತೆ ಹರಳುಗಟ್ಟಿ ಹೃದಯ, ಕೀಲು, ಚರ್ಮದಲ್ಲಿ ಕೂರಬಹುದು. ದೊಡ್ಡ ಡೋಸ್ ರಕ್ತನಾಳಕ್ಕೆ ಹೋದಾಗ ಕೆಲವು ಗ್ಲುಕೋಮೀಟರ್‌ಗಳು ಸಕ್ಕರೆಯನ್ನು ಸುಳ್ಳೇ ಹೆಚ್ಚು ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಅಪಾಯ; ಡಯಾಲಿಸಿಸ್‌ಗೆ ಬರುವವರಲ್ಲಿ ಸಕ್ಕರೆ ಕಾಯಿಲೆಯವರೇ ಬಹಳ. ಪ್ರಯೋಗಗಳೂ ಸಣ್ಣವು, ಅಲ್ಪಕಾಲದವು. ಆದ್ದರಿಂದಲೇ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ ಕೆಡಿಗೊ 2012ರಲ್ಲಿ, ಇಪಿಒ ಜೊತೆಗೆ ವಿಟಮಿನ್ ಸಿಯನ್ನು ರಕ್ತಹೀನತೆಯ ಔಷಧಿಯಾಗಿ ಬಳಸದಿರಲು ಸಲಹೆ ಕೊಟ್ಟಿತು. 2020ರ ಅಮೆರಿಕದ ಕಿಡ್ನಿ ಪೋಷಣಾ ಮಾರ್ಗಸೂಚಿ ಮಾತ್ರ ಕೊರತೆಯ ಅಪಾಯವಿದ್ದವರಿಗೆ ದಿನದ ಸಾಮಾನ್ಯ ಅಗತ್ಯದಷ್ಟು, ಗಂಡಸರಿಗೆ 90, ಹೆಂಗಸರಿಗೆ 75 ಮಿಲಿಗ್ರಾಂ, ತುಂಬಿಕೊಡುವುದನ್ನು ಯೋಚಿಸಬಹುದೆಂದಿತು. ನಮ್ಮ ಐಸಿಎಂಆರ್ 2020ರಲ್ಲಿ ಭಾರತೀಯರಿಗೆ ಹೇಳಿದ್ದು 80 ಮತ್ತು 65.

ನೋಡಿದಿರಾ, ಎರಡು ಮಾತೂ ಒಂದಕ್ಕೊಂದು ವಿರುದ್ಧವಲ್ಲ! ಕಳೆದುಹೋದದ್ದನ್ನು ಅಳತೆಯಲ್ಲಿ ತುಂಬಿಕೊಡುವುದು ಒಂದು. ಔಷಧಿಯೆಂದು ಸುರಿಯುವುದು ಇನ್ನೊಂದು. ಮೊದಲನೆಯದಕ್ಕೆ ಅಡುಗೆಮನೆಯಲ್ಲೂ ದಾರಿಯಿದೆ. ಬೇಯಿಸಿ ಬಸಿದ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ, ಬಿಸಿ ಆರಿದಾಗ, ನಿಂಬೆ ಹಿಂಡಿದರೆ ವಿಟಮಿನ್ ಸಿ ಉಳಿಯುತ್ತದೆ. ಅಷ್ಟು ರಸದಲ್ಲಿ ಪೊಟ್ಯಾಸಿಯಂ ಅಲ್ಪ, ಉಪ್ಪೂ ಕಡಿಮೆ ಸಾಕು. ಎಷ್ಟು ಎಂಬುದನ್ನು ಮಾತ್ರ ರೋಗಿಯ ಪೊಟ್ಯಾಸಿಯಂ ನೋಡಿ ಆಹಾರತಜ್ಞರೇ ಹೇಳಬೇಕು.

ನಿಮ್ಮ ಮನೆಯಲ್ಲಿ, ಎದುರುಮನೆಯಲ್ಲಿ, ಕಚೇರಿಯ ಪಕ್ಕದ ಕುರ್ಚಿಯಲ್ಲಿ ಡಯಾಲಿಸಿಸ್‌ಗೆ ಹೋಗುವವರಿದ್ದರೆ ಮುಂದಿನ ಸಲ ಅವರ ಜೊತೆ ಹೋಗಿ. ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಪಕ್ಕದಲ್ಲೇ ಫೆರಿಟಿನ್ನನ್ನೂ, ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣದ ಅಳತೆಯಾದ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ನನ್ನೂ ನೋಡಿ. ಇಪಿಒ ಸರಿಯಾಗಿ ಬೀಳುತ್ತಿದ್ದೂ, ಕಬ್ಬಿಣ ತುಂಬಿದ್ದೂ ರಕ್ತ ಏರುತ್ತಿಲ್ಲವೆಂದರೆ ವೈದ್ಯರ ಮುಂದೆ ಕುಳಿತು ಎರಡು ಪ್ರಶ್ನೆ ಕೇಳಿ: "ಸೋಂಕು, ಉರಿಯೂತ, ಎಲ್ಲಾದರೂ ರಕ್ತ ಹೋಗುತ್ತಿರುವುದು, ಡಯಾಲಿಸಿಸ್ ಸಾಲದಿರುವುದು, ಇವೆಲ್ಲ ನೋಡಿದ್ದಾಯಿತೇ? ವಿಟಮಿನ್ ಸಿ ಕೊರತೆ ಇರಬಹುದೇ?" ಕೇಳುವುದಕ್ಕೆ ಖರ್ಚಿಲ್ಲ. ಮಾತ್ರೆಯನ್ನು ಮಾತ್ರ ಅವರು ಹೇಳದೆ ನುಂಗಬೇಡಿ, ನುಂಗಿಸಬೇಡಿ.